ನೈಲ್ ನದಿಯ ಹುಳು, ಸರಕಾರದ ಸೂಜಿ

ಈಜಿಪ್ಟ್ ಅಂದ್ರೆ ನಮ್ಮ ಶಾಲೆ ಪುಸ್ತಕದಲ್ಲಿ ಪಿರಮಿಡ್ಡು, ಫೇರೋ ದೊರೆ, ಬಟ್ಟೆ ಸುತ್ತಿಟ್ಟ ಹೆಣ. ಈಜಿಪ್ಟ್ ನೈಲ್ ನದಿಯ ವರದಾನ ಅಂತ ಉರು ಹೊಡೆದು, ಅದನ್ನೇ ಬರೆದು ಪಾಸಾದವರು ನಾವು. ಆ ನೈಲ್ ನೀರಿನಲ್ಲಿ ಮೊಣಕಾಲುದ್ದ ನಿಂತು ಗೆಯ್ದವನ ಸುದ್ದಿ ಆ ಪುಸ್ತಕದಲ್ಲಿ ಇರಲಿಲ್ಲ. ಅವನನ್ನು ಅಲ್ಲಿ ಫೆಲ್ಲಾಹ ಅನ್ನುತ್ತಾರೆ. ಉಳುವವ ಅಂತ ಅರ್ಥ. ಕಾಲುವೆ ತೋಡಿದವನು ಅವನೇ, ಹತ್ತಿ ಬೆಳೆದವನು ಅವನೇ, ಆ ಕಾಲುವೆಯ ರೋಗ ಉಂಡವನೂ ಅವನೇ.

ಈ ಬರಹ ಆ ಫೆಲ್ಲಾಹನ ರಕ್ತನಾಳದಲ್ಲಿ ಮನೆ ಮಾಡಿದ ಒಂದು ಹುಳುವಿನ ಚರಿತ್ರೆ. ಅದಕ್ಕಿಂತ ಹೆಚ್ಚಾಗಿ, ಆ ಹುಳುವನ್ನು ಕೊಲ್ಲಲು ಕೊಟ್ಟ ಮದ್ದಿನ ಚರಿತ್ರೆ. ಎಲ್ಲಿಯದೋ ಕಥೆ ನಮಗ್ಯಾಕೆ ಅಂತ ಗೆಳೆಯರು ಕೇಳಬಹುದು. ಮಕ್ಕಳ ಅಂಗೈಗೆ ಜಂತುಹುಳುವಿನ ಮಾತ್ರೆ ಇಡುವ ಹಳ್ಳಿ ಮೇಷ್ಟ್ರು ನಮ್ಮ ಓದುಗರು. "ಮಾತ್ರೆ ನುಂಗಿದ ಹುಡುಗನಿಗೆ ತಲೆ ಸುತ್ತಿದರೆ ಊರವರು ನಮ್ಮನ್ನೇ ಹಿಡ್ಕೊಂತಾರೆ, ಏನಂತ ಹೇಳೋಣ?" ಅಂತ ಅವರು ಕೇಳುತ್ತಾರೆ. ಆ ಪ್ರಶ್ನೆಯ ಬೆನ್ನು ಹತ್ತಿಯೇ ನಾವು ನೈಲ್ ದಂಡೆಗೆ ಹೋದದ್ದು.

1851ರಲ್ಲಿ ಕೈರೋದ ಕಸ್ರ್ ಅಲ್ ಐನಿ ಆಸ್ಪತ್ರೆಯಲ್ಲಿ ಥಿಯೊಡೋರ್ ಬಿಲ್ಹಾರ್ಜ್ ಎಂಬ ಜರ್ಮನ್ ಡಾಕ್ಟರು ಹೆಣ ಕೊಯ್ದು ನೋಡುವಾಗ ರಕ್ತನಾಳದೊಳಗೆ ಬಿಳಿ ದಾರದಂಥ ಹುಳುಗಳನ್ನು ಕಂಡ. ಅವನ ಹೆಸರೇ ರೋಗಕ್ಕೆ ನಿಂತಿತು: ಬಿಲ್ಹಾರ್ಜಿಯಾ. ಕೊಯ್ಯಿಸಿಕೊಂಡವನ ಹೆಸರು ರೋಗದ ಪುಸ್ತಕಗಳಲ್ಲಿ ಇಲ್ಲ. ಹುಳುವೇನೋ ಹೊಸದಲ್ಲ. 1910ರಲ್ಲಿ ಮಾರ್ಕ್ ಆರ್ಮಂಡ್ ರಫರ್ ಎಂಬಾತ ಸುಮಾರು ಮೂರು ಸಾವಿರ ವರ್ಷ ಹಳೆಯ ಎರಡು ಮಮ್ಮಿಗಳ ಮೂತ್ರಪಿಂಡದಲ್ಲಿ ಇದರ ಮೊಟ್ಟೆಗಳನ್ನು ತೋರಿಸಿಕೊಟ್ಟ.

ಹುಳು ಬದುಕುವ ರೀತಿ ಹೀಗೆ. ರೋಗಿಯ ಉಚ್ಚೆ ಇಲ್ಲವೇ ಮಲದೊಡನೆ ಮೊಟ್ಟೆ ನೀರಿಗೆ ಬೀಳುತ್ತದೆ. ಮೊಟ್ಟೆಯೊಡೆದ ಮರಿ ಕಾಲುವೆಯ ಬಸವನಹುಳುವಿನ ಮೈ ಹೊಗುತ್ತದೆ. ಅಲ್ಲಿ ಒಂದು ಸಾವಿರವಾಗಿ ಮತ್ತೆ ನೀರಿಗಿಳಿಯುತ್ತದೆ. ನೀರಿನಲ್ಲಿ ನಿಂತವರ ತೊಗಲು ಕೊರೆದು ಒಳಗೆ ಸೇರುತ್ತದೆ. ಆ ನೀರು ಕುಡಿಯಬೇಕೆಂದಿಲ್ಲ, ಅದರಲ್ಲಿ ನಿಂತರೆ ಸಾಕು. ಹೊಲಕ್ಕೆ ನೀರು ಕಟ್ಟುವವನು, ಬಟ್ಟೆ ಒಗೆಯುವವಳು, ಎಮ್ಮೆ ಮೈ ತೊಳೆಯುವ ಹುಡುಗ, ಎಲ್ಲರೂ ನಿಲ್ಲುವವರೇ. ಒಳಗೆ ಹೋದ ಹುಳು ಗಂಡು ಹೆಣ್ಣು ಜೋಡಿಯಾಗಿ ಮೂತ್ರಕೋಶದ, ಕರುಳಿನ ನಾಳಗಳಲ್ಲಿ ವರ್ಷಗಟ್ಟಲೆ ಬದುಕಿ ಮೊಟ್ಟೆ ಇಡುತ್ತದೆ. ಮೊಟ್ಟೆ ಕೂತಲ್ಲೆಲ್ಲ ಗಾಯ. ಉಚ್ಚೆಯಲ್ಲಿ ರಕ್ತ. ವರ್ಷ ಕಳೆದ ಹಾಗೆ ಲಿವರು ಗಟ್ಟಿಯಾಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕೆಲವರು ರಕ್ತ ಕಾರಿ ಸಾಯುತ್ತಾರೆ. ಅಲ್ಲಿಯ ಗಂಡಸರಲ್ಲಿ ಬಹುಕಾಲ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಕ್ಯಾನ್ಸರು ಮೂತ್ರಕೋಶದ ಕ್ಯಾನ್ಸರು. ಹುಡುಗನ ಉಚ್ಚೆಯಲ್ಲಿ ರಕ್ತ ಬಂದರೆ ಪ್ರಾಯಕ್ಕೆ ಬಂದ ಅಂತ ತಿಳಿಯುವಷ್ಟು ಇದು ಮಾಮೂಲಾಗಿತ್ತು. ಅರಬ್ ಲೋಕವೆಲ್ಲ ಕಿವಿಗೊಟ್ಟು ಕೇಳಿದ ಹಾಡುಗಾರ ಅಬ್ದೆಲ್ ಹಲೀಮ್ ಹಫೀಜ್ ಹಳ್ಳಿಯ ಹುಡುಗ. ಚಿಕ್ಕಂದಿನಲ್ಲಿ ಹತ್ತಿದ ಬಿಲ್ಹಾರ್ಜಿಯಾ ಅವನನ್ನು ಬಿಡಲಿಲ್ಲ. 1977ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ಸತ್ತಾಗ ಅವನಿಗೆ 47 ವರ್ಷ.

ಮೂರು ಸಾವಿರ ವರ್ಷದ ಹುಳು ಇಷ್ಟು ಊರು ಹಾಳು ಮಾಡಿದ್ದು ಮಾತ್ರ ಈಚೆಗೆ. ಮೊದಲು ನೈಲ್ ವರ್ಷಕ್ಕೊಮ್ಮೆ ಉಕ್ಕಿ ಹೊಲ ನೆನೆಸಿ ಇಳಿಯುತ್ತಿತ್ತು. ಉಳಿದ ತಿಂಗಳು ಕಾಲುವೆ ಒಣಗುತ್ತಿತ್ತು, ಬಸವನಹುಳು ಸಾಯುತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಮುಹಮ್ಮದ್ ಅಲಿ ಮತ್ತು ಅವನ ವಂಶದ ದೊರೆಗಳಿಗೆ ಹತ್ತಿ ಬೇಕಾಯಿತು. ಹತ್ತಿಗೆ ಬೇಸಿಗೆಯಲ್ಲೂ ನೀರು ಬೇಕು. ಫೆಲ್ಲಾಹರನ್ನು ಬಿಟ್ಟಿ ಚಾಕರಿಗೆ ಎಳೆದು ಕಾಲುವೆ ತೋಡಿಸಿದರು. 1882ರಲ್ಲಿ ಬ್ರಿಟಿಷರು ಬಂದು ಕೂತ ಮೇಲೆ ಈ ಕೆಲಸ ಇನ್ನೂ ಜೋರಾಯಿತು. 1902ರಲ್ಲಿ ಅಸ್ವಾನಿನ ಹಳೆ ಅಣೆಕಟ್ಟು ಮುಗಿಯಿತು. ಕಾಲುವೆ ವರ್ಷವಿಡೀ ತುಂಬಿತು. ಹತ್ತಿ ಇಂಗ್ಲೆಂಡಿನ ಗಿರಣಿಗೆ ಹೋಯಿತು. ಬಸವನಹುಳು ಫೆಲ್ಲಾಹನ ಪಾಲಿಗೆ ಉಳಿಯಿತು. 1930ರ ದಶಕದಲ್ಲಿ ಹೊಸದಾಗಿ ವರ್ಷವಿಡೀ ನೀರು ಹರಿದ ಕಡೆಗಳಲ್ಲಿ ಮೂರೇ ವರ್ಷಕ್ಕೆ ರೋಗ ಕೆಲವರಿಂದ ಅರ್ಧದಷ್ಟು ಜನಕ್ಕೆ, ಕೆಲವು ಕಡೆ ಅದಕ್ಕೂ ಹೆಚ್ಚು ಜನಕ್ಕೆ ಹಬ್ಬಿದ್ದನ್ನು ಮೊಹಮ್ಮದ್ ಖಲೀಲ್ ಎಂಬ ಈಜಿಪ್ಟಿನ ವೈದ್ಯರೇ ಎಣಿಸಿ ತೋರಿಸಿದರು.

ಬಸವನಹುಳುವಿನ ಗುಟ್ಟು ಬಿಡಿಸಿದ್ದು 1915ರಲ್ಲಿ, ರಾಬರ್ಟ್ ಲೀಪರ್ ಎಂಬ ವಿಜ್ಞಾನಿ. ಅವನನ್ನು ಕಳಿಸಿದ್ದು ಬ್ರಿಟಿಷ್ ಸೈನ್ಯ. ಸೈನಿಕರಿಗೆ ರೋಗ ಬರಬಾರದಲ್ಲ, ಅದಕ್ಕೆ. ಸೈನಿಕನಿಗೆ ಕಾಲುವೆಗೆ ಇಳಿಯಬೇಡ ಅಂದರೆ ಮುಗಿಯಿತು. ಫೆಲ್ಲಾಹನಿಗೆ ಹಾಗೆ ಹೇಳಲಿಕ್ಕೆ ಆಗುತ್ತದಾ? ಕಾಲುವೆಗೆ ಇಳಿಯದಿದ್ದರೆ ಅವನ ಮನೆಯ ಒಲೆ ಹತ್ತುವುದಿಲ್ಲ.

ಆಮೇಲೆ ಮದ್ದು ಬಂತು. 1918ರಲ್ಲಿ ಸುಡಾನಿನ ಖಾರ್ಟೂಮಿನಲ್ಲಿ ಕ್ರಿಸ್ಟೊಫರ್ಸನ್ ಎಂಬ ಡಾಕ್ಟರು ಆಂಟಿಮನಿ ಲೋಹದ ಒಂದು ಉಪ್ಪನ್ನು ನರಕ್ಕೆ ಚುಚ್ಚಿದರೆ ಹುಳು ಸಾಯುತ್ತದೆ ಅಂತ ಪ್ರಕಟಿಸಿದ. ಅದರ ಹೆಸರು ಟಾರ್ಟಾರ್ ಎಮೆಟಿಕ್. ಎಮೆಟಿಕ್ ಅಂದ್ರೆ ವಾಂತಿ ಮಾಡಿಸುವಂಥದು. ಮದ್ದು ತನ್ನ ಸ್ವಭಾವವನ್ನು ಹೆಸರಿನಲ್ಲೇ ಹೇಳಿಕೊಂಡಿತ್ತು. ಅದು ಹುಳುವಿಗೆ ಲಕ್ವ ಹೊಡೆಸುತ್ತದೆ. ಹಿಡಿತ ತಪ್ಪಿದ ಹುಳು ರಕ್ತದ ಸೆಳವಿನಲ್ಲಿ ಲಿವರಿಗೆ ಕೊಚ್ಚಿ ಹೋಗಿ ಅಲ್ಲಿ ಸಾಯುತ್ತದೆ. ಆದರೆ ಹುಳುವನ್ನು ಕೊಲ್ಲುವ ಪ್ರಮಾಣಕ್ಕೂ ಮನುಷ್ಯನನ್ನು ಕೆಡಿಸುವ ಪ್ರಮಾಣಕ್ಕೂ ನಡುವೆ ಅಂತರ ತೀರ ಕಡಿಮೆ. ಸೂಜಿ ಹೊಕ್ಕ ಕೂಡಲೇ ಕೆಮ್ಮು ಕಿತ್ತುಕೊಂಡು ಬರುತ್ತಿತ್ತು. ವಾಂತಿ, ಎದೆ ಬಿಗಿತ, ಕೀಲುಕೀಲಿನಲ್ಲಿ ನೋವು. ಮದ್ದು ನರ ತಪ್ಪಿ ಹೊರಗೆ ಚೆಲ್ಲಿದರೆ ಅಲ್ಲಿಯ ಮಾಂಸ ಕೊಳೆಯುತ್ತಿತ್ತು. ಎದೆಬಡಿತ ತಾಳ ತಪ್ಪಿ ಕೆಲವರು ಅಲ್ಲೇ ಕುಸಿದು ಸತ್ತದ್ದೂ ಉಂಟು. ಒಂದು ಸಲ ಚುಚ್ಚಿಸಿಕೊಂಡರೆ ಆಗಲಿಲ್ಲ, ಪೂರ್ತಿ ಕೋರ್ಸು 12ರಿಂದ 16 ಸೂಜಿ. ಖಂಡಕ್ಕೆ ಕೊಡುವ ಇನ್ನೊಂದು ಆಂಟಿಮನಿ ಮದ್ದೂ ಬಂತು. ಅದಕ್ಕೆ ಅಲ್ಲಿಯ ದೊರೆ ಫುವಾದನ ಹೆಸರಿಟ್ಟು ಫುವಾದಿನ್ ಅಂತ ಕರೆದರು. ಆದರೆ ಗುಣದಲ್ಲಿ ಅದು ಟಾರ್ಟಾರ್ ಎಮೆಟಿಕ್ಕಿಗೆ ಸಮ ಬರಲಿಲ್ಲ.

ಈ ಯಾತನೆ ವೈದ್ಯಲೋಕಕ್ಕೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಕ್ಲಾಡ್ ಬಾರ್ಲೋ ಎಂಬ ಅಮೆರಿಕದ ವಿಜ್ಞಾನಿ ಈಜಿಪ್ಟಿನಲ್ಲಿ ಬಹಳ ವರ್ಷ ಈ ಹುಳುವಿನ ಮೇಲೆ ಕೆಲಸ ಮಾಡಿದವನು. 1944ರಲ್ಲಿ ಪರೀಕ್ಷೆಗೆಂದು ತನ್ನ ಮೈಗೆ ತಾನೇ ಹುಳು ಹತ್ತಿಸಿಕೊಂಡ. ಹಣ್ಣಾದ. ಕೊನೆಗೆ ಆಂಟಿಮನಿ ಚಿಕಿತ್ಸೆಗೆ ತೋಳು ಕೊಟ್ಟ. ಅವನ ಧೈರ್ಯವನ್ನು ನಾವು ಕಡೆಗಣಿಸುವುದಿಲ್ಲ. ಅವನ ನೋವು ವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ನೋವನ್ನು ಹಲ್ಲು ಕಚ್ಚಿ ತಿಂದ ಲಕ್ಷಾಂತರ ಫೆಲ್ಲಾಹರದು ಸರಕಾರದ ಲೆಕ್ಕದ ಪುಸ್ತಕದಲ್ಲಿ ಬರೀ ಒಂದು ಅಂಕಿಯಾಯಿತು.

ಇಲ್ಲಿಗೆ ಕಥೆ ಪರದೇಶದವರ ದಬ್ಬಾಳಿಕೆ ಅಂತ ಮುಗಿಸಿಬಿಟ್ಟರೆ ನಮಗೆ ಸುಲಭ. ಚರಿತ್ರೆ ಅಷ್ಟು ಸುಲಭವಾಗಿಲ್ಲ. 1952ರಲ್ಲಿ ಈಜಿಪ್ಟಿನಲ್ಲಿ ದೊರೆಯನ್ನು ಗದ್ದುಗೆಯಿಂದ ಇಳಿಸಿದರು. ಅದೇ ವರ್ಷ ಭೂಸುಧಾರಣೆ ಕಾನೂನು ಬಂತು, ಜಮೀನುದಾರರ ಹಿಡಿತಕ್ಕೆ 200 ಫೆದ್ದಾನಿನ ಮಿತಿ ಬಿತ್ತು. ನಾಸರನ ಕಾಲದಲ್ಲಿ ಹಳ್ಳಿಹಳ್ಳಿಗೆ ಆರೋಗ್ಯ ಕೇಂದ್ರ ಬಂತು. ಫೆಲ್ಲಾಹ ಮೊದಲ ಸಲ ನಮ್ಮ ಸರಕಾರ ಅಂದ. ಬಿಲ್ಹಾರ್ಜಿಯಾ ಓಡಿಸುವ ದೊಡ್ಡ ಆಂದೋಲನಕ್ಕೆ ಕೈ ಹಾಕಿದ್ದು ಆ ಸರಕಾರವೇ. 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಅದು ನಡೆಯಿತು. ಅದರ ಆಯುಧ ಟಾರ್ಟಾರ್ ಎಮೆಟಿಕ್ ಸೂಜಿ. 1960ರ ದಶಕದ ನಡುವಿನಿಂದ ಮುಂದೆ ವರ್ಷಕ್ಕೆ ಸುಮಾರು 20 ಲಕ್ಷ ಸೂಜಿ, ಸುಮಾರು 2.5 ಲಕ್ಷ ಜನಕ್ಕೆ. ಇದರಲ್ಲಿ ಕೆಟ್ಟ ಮನಸ್ಸು ಇತ್ತು ಅಂತ ನಾವು ಹೇಳುವುದಿಲ್ಲ. ಬಡವನಿಗೆ ಬಿಟ್ಟಿ ಔಷಧಿ ಕೊಡುವ ಮನಸ್ಸೇ ಇತ್ತು.

ಆದರೆ ಲೆಕ್ಕವನ್ನು ಸ್ವಲ್ಪ ಭಾಗಿಸಿ ನೋಡಿ. 20 ಲಕ್ಷ ಸೂಜಿಯನ್ನು 2.5 ಲಕ್ಷ ಜನಕ್ಕೆ ಹಂಚಿದರೆ ತಲೆಗೆ 8 ಬೀಳುತ್ತದೆ. ಕೋರ್ಸು 12ರಿಂದ 16. ಹಂಗಾದ್ರೆ ಎಷ್ಟೋ ಜನ ನಡುವೆಯೇ ಬಿಟ್ಟು ಹೋಗಿದ್ದಾರೆ ಅಂತಲೇ ಅರ್ಥ. ಯಾಕೆ ಬಿಟ್ಟರು? ವಾಂತಿ ಮಾಡಿಕೊಂಡು ಮಲಗಿದ ದಿನ ಕೂಲಿ ಇಲ್ಲ. ಕೂಲಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮೇಜಿನ ಹಿಂದೆ ಕೂತವರು ಇಂಥ ಕಡೆಗಳಲ್ಲಿ ಬರೆಯುವುದು ಒಂದೇ ಮಾತು: ಅಜ್ಞಾನಿಗಳು, ಸಹಕರಿಸುವುದಿಲ್ಲ.

1964ರಲ್ಲಿ ಇಂಥ ಒಂದು ಶಿಬಿರವನ್ನು ಕಣ್ಣಾರೆ ಕಂಡ ಹೊರಗಿನ ವೈದ್ಯರೊಬ್ಬರು ಗಡಿಯಾರ ಹಿಡಿದು ಬರೆದಿಟ್ಟಿದ್ದಾರೆ. ಕೈ ಪಳಗಿದ ಡಾಕ್ಟರು ಸುಮಾರು 50 ನಿಮಿಷದಲ್ಲಿ 500ಕ್ಕೂ ಹೆಚ್ಚು ಗಂಡಸರು, ಹೆಂಗಸರು, ಮಕ್ಕಳ ನರಕ್ಕೆ ಸೂಜಿ ಚುಚ್ಚಿ ಮುಗಿಸಿದ. ಒಬ್ಬೊಬ್ಬರಿಗೆ ಆರು ಸೆಕೆಂಡು. ಬಳಸಿದ ಗಾಜಿನ ಸಿರಿಂಜನ್ನು ತೊಳೆದು ಒಂದೆರಡು ನಿಮಿಷ ಕುದಿಸಿ ಮತ್ತೆ ತಟ್ಟೆಗೆ ಹಾಕುತ್ತಿದ್ದರು. ಸರಿಯಾಗಿ ಕುದಿಯಲಿಕ್ಕೆ 20 ನಿಮಿಷ ಬೇಕು. ನೋಡಿದವನಿಗೆ ಇದು ಬೆರಗಿನ ಕೈಚಳಕ. ಆ ಆರು ಸೆಕೆಂಡಿನಲ್ಲಿ ಒಬ್ಬ ಹೆಂಗಸು ಹಿಂದಿನ ವಾರ ತನ್ನ ಎದೆ ಹಿಡಿದುಕೊಂಡಿತ್ತು ಅಂತ ಹೇಳಲಿಕ್ಕೆ ಸಾಧ್ಯವಿತ್ತಾ? ಹೇಳಿದರೆ ಕೇಳುವ ಕಿವಿ ಆ ಸಾಲಿನ ಕೊನೆಯಲ್ಲಿ ಇತ್ತಾ?

ಹುಳು ಎಷ್ಟೋ ಜನರಲ್ಲಿ ಸತ್ತಿತು. ಅದು ನಿಜ. ಜೊತೆಗೆ ಒಬ್ಬನ ನರದಿಂದ ಇನ್ನೊಬ್ಬನ ನರಕ್ಕೆ ಕಣ್ಣಿಗೆ ಕಾಣದ ಇನ್ನೊಂದು ಜೀವಿ ದಾಟಿತು. ಅದರ ಹೆಸರು ಆಗ ಯಾರಿಗೂ ಗೊತ್ತಿರಲಿಲ್ಲ. ಹೆಪಟೈಟಿಸ್ ಸಿ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದು 1989ರಲ್ಲಿ. ಅದು ಇಪ್ಪತ್ತು, ಮೂವತ್ತು ವರ್ಷ ಸದ್ದಿಲ್ಲದೆ ಲಿವರಿನಲ್ಲಿ ಕೂತು ಆಮೇಲೆ ಅದನ್ನು ತಿಂದು ಹಾಕುವ ರೋಗ. 1990ರ ದಶಕದ ಆರಂಭದಲ್ಲಿ ಈಜಿಪ್ಟಿನ ರಕ್ತದಾನಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಲ್ಲಿ ಇದರ ಗುರುತು ಸಿಕ್ಕಿತು. ಜಗತ್ತಿನಲ್ಲಿ ಇಷ್ಟು ದೊಡ್ಡ ದೇಶದಲ್ಲಿ ಇಷ್ಟು ಹೆಚ್ಚು ಎಲ್ಲೂ ಇರಲಿಲ್ಲ. ಯಾಕೆ ಅಂತ ಹುಡುಕುತ್ತ ಹೋದವರು 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಉತ್ತರ ಬರೆದರು. ಎಲ್ಲಿ ಸೂಜಿ ಹೆಚ್ಚು ನಡೆಯಿತೋ ಆ ಭಾಗದಲ್ಲಿ, ಯಾವ ವಯಸ್ಸಿನವರು ಆ ಕಾಲದಲ್ಲಿ ಸೂಜಿಗೆ ತೋಳು ಕೊಟ್ಟರೋ ಆ ವಯಸ್ಸಿನಲ್ಲಿ, ಈ ವೈರಸ್ಸು ಹೆಚ್ಚು. ಸೂಜಿ ನಿಂತು ಬಾಯಿ ಮಾತ್ರೆ ಬಂದ ಮೇಲೆ ಹುಟ್ಟಿದವರಲ್ಲಿ ಕಡಿಮೆ. 2008ರ ಸಮೀಕ್ಷೆಯಲ್ಲೂ 15ರಿಂದ 59 ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 15 ಜನರ ರಕ್ತದಲ್ಲಿ ಗುರುತು ಸಿಕ್ಕಿತು. ವಯಸ್ಸಾದವರಲ್ಲಿ ಇನ್ನೂ ಎಷ್ಟೋ ಹೆಚ್ಚು.

ನಾಕು ಸೂಜಿಗೆ ಬಿಟ್ಟು ಹೋದ ಆ ಕೂಲಿಯವನನ್ನು ಇಲ್ಲಿ ನೆನೆಯಬೇಕು. ಅವನಿಗೆ ಬಿಲ್ಹಾರ್ಜಿಯಾ ಪೂರ್ತಿ ವಾಸಿಯಾಗಿರಲಿಕ್ಕಿಲ್ಲ. ವೈರಸ್ಸು ದಾಟಲಿಕ್ಕೆ ಮಾತ್ರ ಒಂದೇ ಸೂಜಿ ಸಾಕಿತ್ತು.

ನ್ಯಾಯವಾಗಿ ಎರಡು ಮಾತು ಹೇಳಬೇಕು. ಅಲ್ಲಿಯ ಎಲ್ಲ ಸೋಂಕೂ ಆ ಆಂದೋಲನದ ಸೂಜಿಯಿಂದಲೇ ಬಂತು ಅನ್ನಲಿಕ್ಕಾಗದು. ಒಮ್ಮೆ ಹರಡಿದ ಮೇಲೆ ರಕ್ತ ಕೊಡಿಸುವಲ್ಲಿ, ಹಲ್ಲು ಕೀಳುವಲ್ಲಿ, ಕ್ಷೌರದ ಕತ್ತಿಯಲ್ಲಿ, ಊರ ಇಂಜೆಕ್ಷನ್ನಿನಲ್ಲಿ ಅದು ದಾರಿ ಮಾಡಿಕೊಂಡಿತು. ಎರಡನೆಯದು, ಗೊತ್ತಿಲ್ಲದ ವೈರಸ್ಸಿಗೆ ಯಾರನ್ನು ದೂರುವುದು ಅನ್ನುವ ಮಾತು. ಈ ಎರಡನೆಯ ಮಾತನ್ನು ನಾವು ಪೂರ್ತಿ ಒಪ್ಪುವುದಿಲ್ಲ. ವೈರಸ್ಸು ಗೊತ್ತಿರಲಿಲ್ಲ, ಸರಿ. ಕಾಮಾಲೆ ಸೂಜಿಯ ಮೇಲೆ ಸವಾರಿ ಮಾಡುತ್ತದೆ ಅಂತ ಗೊತ್ತಿತ್ತು. 1942ರಲ್ಲಿ ಅಮೆರಿಕದ ಸೈನ್ಯಕ್ಕೆ ಹಳದಿ ಜ್ವರದ ಲಸಿಕೆ ಹಾಕಿದಾಗ ಅದರಿಂದ ಸುಮಾರು 50,000 ಸೈನಿಕರಿಗೆ ಕಾಮಾಲೆ ಬಂದಿತ್ತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಒಂದೇ ಸಿರಿಂಜಿನಿಂದ ಹಲವರಿಗೆ ಚುಚ್ಚಿ ಕಾಮಾಲೆ ಹರಡಿದ್ದು 1940ರ ದಶಕದಲ್ಲೇ ವೈದ್ಯ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಸೈನಿಕನ ಕಾಮಾಲೆಯಿಂದ ಕಲಿತ ಪಾಠ ಇಪ್ಪತ್ತು ವರ್ಷವಾದರೂ ಫೆಲ್ಲಾಹನ ಸಾಲಿನ ತನಕ ನಡೆದು ಬರಲಿಲ್ಲ. ನಮ್ಮ ತಕರಾರು ಇದು.

1970ರ ದಶಕದಲ್ಲಿ ಜರ್ಮನಿಯ ಎರಡು ಕಂಪನಿಗಳು ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆ ಕಂಡುಹಿಡಿದವು. 1980ರ ದಶಕದಲ್ಲಿ ಸೂಜಿಯ ಜಾಗಕ್ಕೆ ಅದು ಬಂತು. ಇದಕ್ಕೂ ಹೊಟ್ಟೆನೋವು, ತಲೆಸುತ್ತು ಉಂಟು, ಆದರೆ ಬಂದು ಹೋಗುವಂಥವು. ಹುಳುವಿನ ಕಾಟ ಇಳಿಯಿತು. ಹಳೆ ಸೂಜಿಯ ಬಾಕಿ ಮಾತ್ರ ಲಿವರುಗಳಲ್ಲಿ ಉಳಿದಿತ್ತು. 2013ರ ಕೊನೆಯಲ್ಲಿ ಹೆಪಟೈಟಿಸ್ ಸಿಯನ್ನು ಗುಣ ಮಾಡುವ ಸೊಫೊಸ್‌ಬುವಿರ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಮೂರು ತಿಂಗಳ ಕೋರ್ಸಿನ ಬೆಲೆ 84,000 ಡಾಲರು. ಈಜಿಪ್ಟ್ ಸರಕಾರ ಚೌಕಾಸಿ ಮಾಡಿ 2014ರಲ್ಲಿ ಅದನ್ನು 900 ಡಾಲರಿಗೆ ಇಳಿಸಿತು. ಆಮೇಲೆ ಅಲ್ಲೇ ತಯಾರಾದ ಮಾತ್ರೆ ಅದಕ್ಕಿಂತ ಎಷ್ಟೋ ಅಗ್ಗವಾಯಿತು. 84,000ಕ್ಕೂ 900ಕ್ಕೂ ನಡುವಿನ ಹಣ ಯಾರ ಜೇಬಿನದು ಅಂತ ಲೆಕ್ಕ ಬಲ್ಲ ಗೆಳೆಯರು ಯೋಚಿಸಲಿ.

2018ರ ಅಕ್ಟೋಬರಿನಿಂದ 2019ರ ಏಪ್ರಿಲ್ ತನಕ ಏಳು ತಿಂಗಳಲ್ಲಿ ಈಜಿಪ್ಟಿನವರು ಸುಮಾರು 5 ಕೋಟಿ ಜನರ ಬೆರಳ ತುದಿಯ ರಕ್ತ ಪರೀಕ್ಷೆ ಮಾಡಿದರು. ಸುಮಾರು 22 ಲಕ್ಷ ಜನರಲ್ಲಿ ಗುರುತು ಕಂಡಿತು. ಲಕ್ಷಗಟ್ಟಲೆ ಜನಕ್ಕೆ ಮಾತ್ರೆ ಬಿಟ್ಟಿಯಾಗಿ ಸಿಕ್ಕಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ರೋಗ ನಿರ್ಮೂಲನೆಯ ದಾರಿಯಲ್ಲಿ ಚಿನ್ನದ ದರ್ಜೆ ಮುಟ್ಟಿದ ಮೊದಲ ದೇಶ ಅಂತ ಈಜಿಪ್ಟನ್ನು ಹೆಸರಿಸಿತು. ಅಂದ್ರೆ ಸರಕಾರ ಮನಸ್ಸು ಮಾಡಿದರೆ ತಾನು ಮಾಡಿದ ಗಾಯಕ್ಕೆ ತಾನೇ ಮದ್ದು ಹಚ್ಚಬಲ್ಲದು. ನಡುವಿನ ವರ್ಷಗಳಲ್ಲಿ ಲಿವರು ಕೊಳೆತು ಸತ್ತವರು ಆ ಚಿನ್ನ ನೋಡಲಿಕ್ಕೆ ಉಳಿದಿಲ್ಲ.

ಇನ್ನು ನಮ್ಮ ಮೇಷ್ಟ್ರ ಪ್ರಶ್ನೆಗೆ ಬರೋಣ. ಈ ಕಥೆ ಓದಿ ಮಾತ್ರೆ ಬೇಡ, ಡಾಕ್ಟರು ಬೇಡ ಅನ್ನುವ ತೀರ್ಮಾನಕ್ಕೆ ಬಂದರೆ ನಾವು ಬರೆದದ್ದು ವ್ಯರ್ಥ. ಮದ್ದಿಲ್ಲದೆ ಸತ್ತವರೂ ನಮ್ಮವರೇ. ಕೊಕ್ಕೆಹುಳು ರಕ್ತ ಹೀರುವುದು ಬರಿಗಾಲಿನವರದನ್ನು. ಆನೆಕಾಲು ಹೆಚ್ಚಾಗಿ ಹತ್ತುವುದು ಚರಂಡಿ ಪಕ್ಕದ ಗುಡಿಸಲಿಗೆ. 2015ರಿಂದ ಶಾಲೆ, ಅಂಗನವಾಡಿಗಳಲ್ಲಿ ಕೊಡುತ್ತಿರುವ ಅಲ್ಬೆಂಡಜೋಲ್ ಆಂಟಿಮನಿಯಂಥದಲ್ಲ. ಒಂದಿಷ್ಟು ಹೊಟ್ಟೆನೋವು, ವಾಕರಿಕೆ ಬರಬಹುದು, ಹೆಚ್ಚಾಗಿ ಹುಳು ತುಂಬಿದ ಮಕ್ಕಳಿಗೆ. ಕಲಬುರಗಿ, ಯಾದಗಿರಿ ಕಡೆ ಆನೆಕಾಲಿಗೆ ಕೊಟ್ಟ ಡಿಇಸಿ ಮಾತ್ರೆಯಿಂದ ಜ್ವರ, ತಲೆನೋವು, ತಲೆಸುತ್ತು ಬರುವುದುಂಟು. ಅದು ಬಹುಪಾಲು ಮಾತ್ರೆಯ ವಿಷವಲ್ಲ. ರಕ್ತದಲ್ಲಿ ಸಾಯುವ ಮರಿಹುಳುಗಳಿಗೆ ಮೈ ಕೆರಳುವುದು. ಹುಳು ಇದ್ದವನಿಗೇ ಅದು ಹೆಚ್ಚು. ಇದನ್ನು ಮಾತ್ರೆ ಕೊಡುವ ಮೊದಲೇ ಹೇಳಬೇಕು. ಹೇಳಿ ಕೊಟ್ಟರೆ ಜ್ವರ ಬಂದವನು ಹುಳು ಸಾಯ್ತಾ ಐತೆ ಅಂತ ತಿಳಿಯುತ್ತಾನೆ. ಹೇಳದೆ ಕೊಟ್ಟರೆ ವಿಷ ಹಾಕಿದ್ರು ಅಂತ ತಿಳಿಯುತ್ತಾನೆ, ತಪ್ಪು ಅವನದಲ್ಲ. ಬಸುರಿಗೆ, ಎರಡು ವರ್ಷದೊಳಗಿನ ಕೂಸಿಗೆ, ತೀರ ಕಾಯಿಲೆ ಬಿದ್ದವರಿಗೆ ಡಿಇಸಿ ಕೊಡಬಾರದು ಅಂತ ನಿಯಮವೇ ಇದೆ. ಖಾಲಿ ಹೊಟ್ಟೆಯಲ್ಲಿ ನುಂಗಬಾರದು ಅಂತಲೂ ಇದೆ. ಹಂಗಾದ್ರೆ ಬೆಳಿಗ್ಗೆ ಉಣ್ಣದೆ ಕೂಲಿಗೆ ಹೊರಟವಳ ಕೈಗೆ ಮಾತ್ರೆ ಇಟ್ಟು ಈಗ್ಲೇ ನುಂಗು ಅನ್ನುವ ಮುಂಚೆ, ಉಂಡಿದ್ದೀಯೇನವ್ವಾ ಅಂತ ಒಂದು ಮಾತು ಕೇಳಬೇಕು. ಕೇಳಲಿಕ್ಕೆ ಆರು ಸೆಕೆಂಡು ಸಾಕು.

ಇನ್ನೊಂದು ಮಾತು. ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ನಾರುಹುಣ್ಣು ಅಂತ ಒಂದು ರೋಗ ಇತ್ತು. ಕಾಲಿನಿಂದ ಮೊಳದುದ್ದದ ಹುಳು ಹೊರಬರುತ್ತಿತ್ತು. ಅದಕ್ಕೆ ಮಾತ್ರೆಯೂ ಇಲ್ಲ, ಲಸಿಕೆಯೂ ಇಲ್ಲ. ಮೆಟ್ಟಿಲು ಬಾವಿ ಮುಚ್ಚಿ, ಕೊಳವೆ ಬಾವಿ ತೋಡಿ, ನೀರು ಸೋಸಿ ಕುಡಿಯಲು ಕಲಿಸಿ ಅದನ್ನು ಓಡಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, 2000ದಲ್ಲಿ ಭಾರತ ಅದರಿಂದ ಮುಕ್ತ ಅಂತ ಘೋಷಣೆಯಾಯಿತು. ಹುಳು ಓಡಿಸಲಿಕ್ಕೆ ಮೊದಲು ಬೇಕಾದ್ದು ನೀರು. ಮಾತ್ರೆ ಅದರ ಜೊತೆಗೆ ಬರಬೇಕಾದ್ದು, ಅದರ ಬದಲಿಗೆ ಬರಬೇಕಾದ್ದಲ್ಲ. ಈಜಿಪ್ಟಿನ ಫೆಲ್ಲಾಹ ಹದಿನಾರು ಸೂಜಿ ಚುಚ್ಚಿಸಿಕೊಂಡು ಮರುದಿನ ಇಳಿದದ್ದು ಅದೇ ಕಾಲುವೆಗೆ.

ಆದ್ದರಿಂದ ಗೆಳೆಯರೇ, ಮಾತ್ರೆ ಬಂದಾಗ ಬಾಗಿಲು ಹಾಕಿಕೊಳ್ಳುವುದು ಬೇಡ. ತೆಗೆದುಕೊಳ್ಳೋಣ, ಮಕ್ಕಳಿಗೂ ಕೊಡೋಣ. ಇದು ಯಾವ ಮದ್ದು, ಯಾರಿಗೆ ಕೊಡಬಾರದು, ಮೈ ಕೆಟ್ಟರೆ ಯಾವ ಡಾಕ್ಟರು ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ಕೇಳೋಣ. ಸೂಜಿ ಹಾಕುವವರು ಬಂದರೆ ಹೊಸ ಸಿರಿಂಜಿನ ಪೊಟ್ಟಣ ನಮ್ಮ ಕಣ್ಣೆದುರೇ ಒಡೆಯಲಿ ಅನ್ನೋಣ. ಮೈ ಕೆಟ್ಟವರ ಹೆಸರು, ತಾರೀಖು ಶಾಲೆಯ ಒಂದು ಪುಸ್ತಕದಲ್ಲಿ ಮೇಷ್ಟ್ರು ಬರೆದಿಡಲಿ. ಅದರ ಪಕ್ಕದ ಪುಟದಲ್ಲಿ ಕೇರಿಗೆ ನಲ್ಲಿ ಬಂದಿದೆಯೋ ಇಲ್ಲವೋ, ಶಾಲೆಯ ಕಕ್ಕಸಿನಲ್ಲಿ ನೀರಿದೆಯೋ ಇಲ್ಲವೋ ಅದನ್ನೂ ಬರೆಯಲಿ. ಮಾತ್ರೆ ಕೊಡಲು ಬಂದ ಅಧಿಕಾರಿಗೆ ಎರಡೂ ಪುಟ ತೋರಿಸೋಣ.